ಮುಖಪುಟ ವಿನ್ಯಾಸಕ್ಕೆ ಹಳೆಯ ಸಿಆರ್‌ಟಿಯನ್ನೇ ಉಳಿಸಿಕೊಳ್ಳಬೇಕೆ, ಚಪ್ಪಟೆ ಪರದೆಗೆ ಬದಲಾಗಬೇಕೆ?

ರಕ್ಷಾಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕಗಳ ಮುಖಪುಟ ವಿನ್ಯಾಸ ಮತ್ತು ಛಾಯಾಚಿತ್ರ ತಿದ್ದುವ ಕೆಲಸ ಮಾಡುತ್ತೇನೆ. ಬಹಳ ವರ್ಷಗಳಿಂದ 21 ಅಂಗುಲದ ಸಿಆರ್‌ಟಿ (ಹಳೆಯ ಟಿವಿಯಂಥ ಗಾಜಿನ ಟ್ಯೂಬಿನ) ಮಾನಿಟರ್ ಒಂದನ್ನೇ ಬಳಸುತ್ತ ಬಂದಿದ್ದೇನೆ. ಅದರ ಮೇಲೆ ನನಗೆ ಎಷ್ಟು ನಂಬಿಕೆಯೆಂದರೆ, ಬೇರೆ ಪರದೆಯಲ್ಲಿ ನೋಡಿದ ಬಣ್ಣವನ್ನು ಮನೆಗೆ ಬಂದು ಇದರಲ್ಲಿ ನೋಡುವವರೆಗೆ ಒಪ್ಪುವುದಿಲ್ಲ.

ಈ ನಂಬಿಕೆಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಚಪ್ಪಟೆ ಪರದೆಯ ಮುಂದೆ ಕುಳಿತು ಒಂದು ಭಾವಚಿತ್ರವನ್ನು ತಿದ್ದುತ್ತಿದ್ದೆ. ನೇರವಾಗಿ ಕುಳಿತಾಗ ಕೂದಲಿನ ಎಳೆಗಳೆಲ್ಲ ಸೇರಿಕೊಂಡು ಒಂದೇ ಕಪ್ಪು ಮುದ್ದೆಯಂತೆ ಕಾಣುತ್ತಿದ್ದವು. ಬೆನ್ನು ನೋಯಿತೆಂದು ಕುರ್ಚಿಯಲ್ಲಿ ನಾಲ್ಕು ಬೆರಳಿನಷ್ಟು ಕೆಳಗೆ ಜಾರಿದ್ದೇ ತಡ, ಅದೇ ಕೂದಲು ಬೇರೊಂದು ಬಣ್ಣಕ್ಕೆ ತಿರುಗಿತು. ಯಾವುದನ್ನು ನಿಜವೆಂದು ತಿಳಿದು ತಿದ್ದುವುದು? ಅಂದಿನಿಂದ ಚಪ್ಪಟೆ ಪರದೆಯ ಸಹವಾಸ ಬೇಡವೆಂದುಕೊಂಡಿದ್ದೆ.

ಆದರೆ ಈಚೆಗೆ ಎರಡು ಮುಖಪುಟಗಳು ಅಚ್ಚಾಗಿ ಬಂದಾಗ ನನ್ನ ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗಿದ್ದವು, ನೆರಳಿನ ಭಾಗಗಳಲ್ಲಿ ವಿವರವೇ ಇರಲಿಲ್ಲ. ಮುದ್ರಕರು ಕಡತವೇ ಹಾಗಿದೆ ಎನ್ನುತ್ತಾರೆ. ಇದಲ್ಲದೆ, ಬಿಳಿ ಹಿನ್ನೆಲೆಯಿದ್ದಾಗ ಪರದೆಯ ಮೇಲೆ ಅಡ್ಡಲಾಗಿ ಕೂದಲೆಳೆಯಂಥ ಎರಡು ಗೆರೆಗಳು ಕಾಣುತ್ತವೆ. ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಇದು ಟ್ಯೂಬ್ ಸಾಯುತ್ತಿರುವ ಲಕ್ಷಣವೇ? ಬಣ್ಣದ ಕೆಲಸಕ್ಕೆ ಸಿಆರ್‌ಟಿಯೇ ಮೇಲೆಂಬ ಮಾತು ಇಂದಿಗೂ ಸಲ್ಲುತ್ತದೆಯೇ, ಅಥವಾ ನಾನು ಹಳೆಯ ಅಭ್ಯಾಸಕ್ಕೆ ಅಂಟಿಕೊಂಡಿದ್ದೇನೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಅಚ್ಚುಮನೆ (ಉತ್ತರ)

ಮೊದಲು ಆ ಎರಡು ಗೆರೆಗಳ ವಿಷಯ: ಒರೆಸುವುದನ್ನು ನಿಲ್ಲಿಸಿ, ಅದು ಕೊಳೆಯೂ ಅಲ್ಲ, ರೋಗವೂ ಅಲ್ಲ. ನಿಮ್ಮದು ಅಪರ್ಚರ್ ಗ್ರಿಲ್ ಮಾದರಿಯ ಟ್ಯೂಬ್. 1968ರಲ್ಲಿ ಸೋನಿ ಸಂಸ್ಥೆ ಟ್ರಿನಿಟ್ರಾನ್ ಹೆಸರಿನಲ್ಲಿ ತಂದ ಈ ವಿನ್ಯಾಸದಲ್ಲಿ, ತೂತುಗಳಿರುವ ತಗಡಿನ ಬದಲು ಮೇಲಿಂದ ಕೆಳಕ್ಕೆ ಬಿಗಿದ ಬಹು ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಅವು ಅದುರಿದರೆ ಬಣ್ಣ ಕದಡುವುದರಿಂದ ಅಡ್ಡಲಾಗಿ ಒಂದೆರಡು ಸಣ್ಣ ತಂತಿಗಳನ್ನು ಬಿಗಿದು ಹಿಡಿದಿರುತ್ತಾರೆ. ನಿಮಗೆ ಕಾಣುತ್ತಿರುವುದು ಆ ತಂತಿಗಳ ನೆರಳು. ಮಾನಿಟರ್ ಹೊಸದಾಗಿದ್ದಾಗಲೂ ಅವು ಅಲ್ಲೇ ಇದ್ದವು, ನೀವು ಗಮನಿಸಿರಲಿಲ್ಲ ಅಷ್ಟೆ.

ಇನ್ನು ಮುಖ್ಯ ಪ್ರಶ್ನೆ. ಸಿಆರ್‌ಟಿಯೇ ಮೇಲೆಂಬ ಮಾತು ಹುಟ್ಟಿದ ಕಾಲದಲ್ಲಿ ಅದು ಪೂರ್ತಿ ನಿಜವಾಗಿತ್ತು. ಆದರೆ ಅದನ್ನು ಆಗ ಹೋಲಿಸುತ್ತಿದ್ದುದು ಟಿಎನ್ ಎಂಬ ಹಳೆಯ ಮಾದರಿಯ ಎಲ್‌ಸಿಡಿಗೆ (ದ್ರವಸ್ಫಟಿಕದ ಚಪ್ಪಟೆ ಪರದೆಗೆ) ಎಂಬುದನ್ನು ನಾವೆಲ್ಲ ಮರೆತುಬಿಡುತ್ತೇವೆ. ಟಿಎನ್ ಪರದೆಗಳಲ್ಲಿ ದ್ರವಸ್ಫಟಿಕಗಳು ತಿರುಚಿಕೊಳ್ಳುವ ಬಗೆಯಿಂದಾಗಿ ಮೇಲೆ ಕೆಳಗೆ ನೋಡುವ ಕೋನ ಸ್ವಲ್ಪ ಬದಲಾದರೂ ಬಣ್ಣ ಬದಲಾಗುತ್ತದೆ. ಕುರ್ಚಿಯಲ್ಲಿ ಜಾರಿದಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಅದೇ. ಅದೂ ಅಲ್ಲದೆ ಅಂಥ ಬಹುಪಾಲು ಪರದೆಗಳು ಪ್ರತಿ ಮೂಲಬಣ್ಣಕ್ಕೆ ಆರು ಬಿಟ್, ಅಂದರೆ 64 ಹಂತಗಳನ್ನು ಮಾತ್ರ ತೋರಿಸಬಲ್ಲವು. ಮೂರು ಬಣ್ಣ ಸೇರಿ 2,62,144 ಛಾಯೆಗಳಾದವು. ಉಳಿದವನ್ನು ಅಕ್ಕಪಕ್ಕದ ಹಂತಗಳ ನಡುವೆ ಬೇಗ ಬೇಗ ಬದಲಾಯಿಸಿ, ಇದೆಯೆಂಬ ಭ್ರಮೆ ಹುಟ್ಟಿಸಲಾಗುತ್ತದೆ. ಆಕಾಶದಂಥ ನಯವಾದ ಇಳಿಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಕಾಣುವುದಕ್ಕೆ ಇದೂ ಒಂದು ಕಾರಣ. ಸಿಆರ್‌ಟಿಯಲ್ಲಿ ಬರುವ ಸಂಕೇತ ಅನಲಾಗ್ ಆದ್ದರಿಂದ ಪರದೆಯ ಕಡೆಯಿಂದ ಹಂತಗಳ ಮಿತಿಯೇ ಇಲ್ಲ, ಫಾಸ್ಫರ್ (ಟ್ಯೂಬಿನ ಒಳಮೈಯ ಹೊಳೆಯುವ ಲೇಪ) ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಬೆಳಕು ಚೆಲ್ಲುವುದರಿಂದ ಕೋನದ ಗೋಳೂ ಇಲ್ಲ. ನಿಮ್ಮ ನಂಬಿಕೆ ಆ ಮಟ್ಟಿಗೆ ಸರಿಯಾದದ್ದೇ.

ಆದರೆ ಐಪಿಎಸ್ ಎಂಬ ಬೇರೆ ಬಗೆಯ ಎಲ್‌ಸಿಡಿ ಪರದೆಗಳು ಈ ಕೋನದ ದೋಷವನ್ನು ಬಹುಮಟ್ಟಿಗೆ ನಿವಾರಿಸಿವೆ. ಹಿಟಾಚಿ ಸಂಸ್ಥೆ 1996ರ ಹೊತ್ತಿಗೇ ಅವನ್ನು ತಂದಿತ್ತು, ಸಾಮಾನ್ಯರ ಮೇಜಿಗೆ ಬರಲು ತಡವಾಯಿತು. ಆದ್ದರಿಂದ ನೀವು ಈಗ ಹೋಲಿಸಬೇಕಾದದ್ದು ಅಂದಿನ ಟಿಎನ್ ಜೊತೆಗಲ್ಲ, ಇಂದಿನ ಒಳ್ಳೆಯ ಐಪಿಎಸ್ ಜೊತೆಗೆ. ಮತ್ತು ಹೊಸದಾಗಿದ್ದಾಗಿನ ನಿಮ್ಮ ಸಿಆರ್‌ಟಿಯನ್ನಲ್ಲ, ಇಂದು ಮೇಜಿನ ಮೇಲಿರುವ ಸವೆದ ಸಿಆರ್‌ಟಿಯನ್ನು.

ಸವೆದದ್ದು ಎಂದದ್ದಕ್ಕೆ ಬೇಸರ ಬೇಡ. ಟ್ಯೂಬಿನೊಳಗೆ ಕೆಂಪು, ಹಸಿರು, ನೀಲಿಗಾಗಿ ಎಲೆಕ್ಟ್ರಾನ್ ಚಿಮ್ಮಿಸುವ ಮೂರು ಕ್ಯಾಥೋಡ್‌ಗಳ ಶಕ್ತಿ ವರ್ಷಗಳು ಕಳೆದಂತೆ ಕುಂದುತ್ತದೆ, ಮೂರೂ ಒಂದೇ ಪ್ರಮಾಣದಲ್ಲಿ ಕುಂದುವುದಿಲ್ಲ. ಫಾಸ್ಫರ್ ಕೂಡ ಮಂಕಾಗುತ್ತದೆ. ಈ ಇಳಿತ ದಿನಕ್ಕೆ ಇಷ್ಟಿಷ್ಟೇ ಆಗುವುದರಿಂದ ಕಣ್ಣು ಒಗ್ಗಿಕೊಂಡುಬಿಡುತ್ತದೆ. ಪರದೆ ಮಂಕಾಯಿತೆಂದು ಬ್ರೈಟ್‌ನೆಸ್ ಏರಿಸುತ್ತೀರಿ. ಸಿಆರ್‌ಟಿಯಲ್ಲಿ ಆ ಗುಂಡಿ ಏರಿಸುವುದು ಕಪ್ಪಿನ ಮಟ್ಟವನ್ನು. ಆಗ ನೆರಳಿನೊಳಗಿನ ವಿವರ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಕಡತದಲ್ಲಿ ಮಾತ್ರ ಅದು ಕಪ್ಪಾಗಿಯೇ ಉಳಿದಿರುತ್ತದೆ. ನಿಮ್ಮ ಮುದ್ರಕರ ಮಾತಿನಲ್ಲಿ ಹುರುಳಿರಬಹುದೆಂದು ನನಗೆ ಅನಿಸುತ್ತದೆ.

ಮುದ್ರಣಕ್ಕೇ ಸಂಬಂಧಿಸಿದ ಇನ್ನೊಂದು ಮಾತು. ಸಾಮಾನ್ಯ ಸಿಆರ್‌ಟಿಯ ಬಣ್ಣಗಳ ವ್ಯಾಪ್ತಿ ಸುಮಾರಾಗಿ ಎಸ್‌ಆರ್‌ಜಿಬಿಯಷ್ಟೇ ಇರುತ್ತದೆ, ಏಕೆಂದರೆ 1999ರಲ್ಲಿ ಪರದೆಯ ಬಣ್ಣವ್ಯಾಪ್ತಿಗೆ ಮಾನದಂಡವಾದ ಎಸ್‌ಆರ್‌ಜಿಬಿಯನ್ನು ರೂಪಿಸಿದ್ದೇ ಆ ಕಾಲದ ಸಿಆರ್‌ಟಿಗಳನ್ನು ನೋಡಿ. ನುಣುಪು ಕಾಗದದ ಮೇಲೆ ಆಫ್‌ಸೆಟ್‌ನಲ್ಲಿ ಅಚ್ಚಾಗುವ ಶುದ್ಧ ಸಯಾನ್ (ಹಸಿರು ಬೆರೆತ ನೀಲಿ) ಈ ವ್ಯಾಪ್ತಿಯ ಹೊರಗಿದೆ. ಅಂದರೆ ಅಚ್ಚಿನಲ್ಲಿ ಬರಬಲ್ಲ ಬಣ್ಣವೊಂದನ್ನು ನಿಮ್ಮ ಪರದೆ ತೋರಿಸಲಾರದು, ಅದು ಎಷ್ಟೇ ಆರೋಗ್ಯವಾಗಿದ್ದರೂ. ಇದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿ ವ್ಯಾಪ್ತಿಯನ್ನು ಬಹುಪಾಲು ತುಂಬುವ ಚಪ್ಪಟೆ ಪರದೆಗಳು ಅದನ್ನು ತೋರಿಸುತ್ತವೆ. ಮುಖಪುಟದವರಿಗೆ ಇದೊಂದೇ ಕಾರಣ ಸಾಕೆಂದು ನನ್ನ ಅಭಿಪ್ರಾಯ.

ನಿರ್ಧಾರಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಮಾನಿಟರನ್ನು ಅರ್ಧ ಗಂಟೆ ಕಾಯಲು ಬಿಡಿ, ತಣ್ಣಗಿರುವ ಸಿಆರ್‌ಟಿಯ ಬಣ್ಣವನ್ನು ನಂಬಬಾರದು. 0ಯಿಂದ 255ರವರೆಗಿನ ಬೂದು ಹಂತಗಳ ಪಟ್ಟಿಯೊಂದನ್ನು ಮಾಡಿಕೊಂಡು ತೆರೆಯಿರಿ. ಕಪ್ಪಿನ ಕಡೆಯ ಹಂತಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ, ಬೂದು ಎಲ್ಲ ಕಡೆ ಬೂದಾಗಿಯೇ ಇದೆಯೇ ಅಥವಾ ಎಲ್ಲಾದರೂ ಕೆಂಪಿಗೋ ಹಸಿರಿಗೋ ವಾಲುತ್ತಿದೆಯೇ ನೋಡಿ. ಯಾರ ಬಳಿಯಾದರೂ ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಉಪಕರಣ) ಇದ್ದರೆ ಎರವಲು ತಂದು ಬಿಳಿಯ ಪ್ರಕಾಶವನ್ನು ಅಳೆಯಿರಿ. ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾ ಬಂದರೆ ಟ್ಯೂಬಿನಲ್ಲಿ ಇನ್ನೂ ಜೀವವಿದೆಯೆಂದು ತಿಳಿಯಬಹುದು.

ಚುಕ್ಕಿಚಿತ್ರ (ಉತ್ತರ)

ಅಚ್ಚುಮನೆಯವರ ಮಾತನ್ನು ಮುದ್ರಣದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಗ್ರಾಫಿಕ್ಸ್ ಎಂದರೆ ಅಚ್ಚೊಂದೇ ಅಲ್ಲ. ನಾನು ಆಟಗಳಿಗೆ ಚುಕ್ಕಿಚಿತ್ರಗಳನ್ನೂ ಚಲಿಸುವ ಆಕೃತಿಗಳನ್ನೂ ಬರೆಯುವವನು. ಚಲನೆಯ ವಿಷಯದಲ್ಲಿ ಸಿಆರ್‌ಟಿಯನ್ನು ಸಾಮಾನ್ಯ ಎಲ್‌ಸಿಡಿ ಇನ್ನೂ ಮುಟ್ಟಿಲ್ಲ. ಸಿಆರ್‌ಟಿಯಲ್ಲಿ ಪ್ರತಿ ಚುಕ್ಕಿಯೂ ಒಂದು ಕ್ಷಣ ಹೊಳೆದು ಆರಿಹೋಗುತ್ತದೆ. ಎಲ್‌ಸಿಡಿ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರಗಳಂತೆ) ಒಂದೊಂದು ಚಿತ್ರವನ್ನೂ 16 ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಹಾಗೆಯೇ ಹಿಡಿದಿಡುತ್ತದೆ. ಓಡುವ ಆಕೃತಿಯನ್ನು ಕಣ್ಣು ಹಿಂಬಾಲಿಸುವಾಗ ಈ ಹಿಡಿದಿಟ್ಟ ಚಿತ್ರ ಕಣ್ಣಿನೊಳಗೆ ಸವರಿಕೊಳ್ಳುತ್ತದೆ. ಪರದೆ ಎಷ್ಟೇ ಚುರುಕಾಗಿ ಬಣ್ಣ ಬದಲಿಸಿದರೂ ಈ ಮಸುಕು ಹೋಗುವುದಿಲ್ಲ.

ಹಾಗೆಯೇ ಸಿಆರ್‌ಟಿಗೆ ತನ್ನದೇ ಆದ ಒಂದು ನಿಶ್ಚಿತ ರೆಸಲ್ಯೂಷನ್ ಇಲ್ಲ. 640×480 ಕೊಟ್ಟರೂ 1600×1200 ಕೊಟ್ಟರೂ ಅದು ಸಹಜವಾಗಿ ಬರೆಯುತ್ತದೆ, ಎಲ್‌ಸಿಡಿ ಮಾತ್ರ ತನ್ನ ಅಳತೆಯಲ್ಲದ್ದನ್ನೆಲ್ಲ ಹಿಗ್ಗಿಸಿ ಕಲಸುತ್ತದೆ. ಒಂದು ಎಚ್ಚರಿಕೆ: ಹಳೆಯ ಆಟಗಳ ಚಿತ್ರಗಳು ಟಿವಿಯ ಒರಟು ಟ್ಯೂಬಿನಲ್ಲಿ ಕಂಡಂತೆಯೇ ಕಂಪ್ಯೂಟರ್ ಮಾನಿಟರಿನ ನಯವಾದ ಟ್ಯೂಬಿನಲ್ಲಿ ಕಾಣುವುದಿಲ್ಲ. 320×240 ಅಳತೆಯನ್ನು 120 ಹರ್ಟ್ಸ್‌ನಲ್ಲಿ ಕೊಟ್ಟರೆ ಗೆರೆಗಳ ನಡುವಿನ ಕಪ್ಪು ಸಂದು ಕಾಣಿಸಿಕೊಂಡು ಸ್ವಲ್ಪ ಹತ್ತಿರಕ್ಕೆ ಬರುತ್ತದೆ. ರಕ್ಷಾಪುಟ ಅವರಿಗೆ ಇದೆಲ್ಲ ಬೇಡದಿರಬಹುದು. ಅವರು ಸಿಆರ್‌ಟಿಯನ್ನು ಗುಜರಿಗೆ ಹಾಕುವುದಾದರೆ ಮೊದಲು ನನಗೊಂದು ಮಾತು ತಿಳಿಸಲಿ.

ತಂತಿಪೆಟ್ಟಿಗೆ (ಉತ್ತರ)

ಯಾರೂ ಹೇಳದ ಎರಡು ಸಂಗತಿಗಳು. ಇಂದಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅನಲಾಗ್ ಸಂಕೇತ ಹೊರಬರುವ ದಾರಿಯೇ ಇಲ್ಲ. ಕಂಪ್ಯೂಟರ್ ಬದಲಿಸಿದ ದಿನ ಸಿಆರ್‌ಟಿಗೆ ಪರಿವರ್ತಕವೊಂದು ಬೇಕಾಗುತ್ತದೆ, ಅಗ್ಗದ ಪರಿವರ್ತಕಗಳನ್ನು ಮಾಡಿರುವುದು 1920×1080, 60 ಹರ್ಟ್ಸ್‌ಗೆ. ಅದಕ್ಕೆ ಬೇಕಾದ ಪಿಕ್ಸೆಲ್ ವೇಗ 148.5 ಮೆಗಾಹರ್ಟ್ಸ್, 1600×1200 ಅಳತೆಯನ್ನು 85 ಹರ್ಟ್ಸ್‌ನಲ್ಲಿ ಓಡಿಸಲು ಬೇಕಾದದ್ದು 229.5 ಮೆಗಾಹರ್ಟ್ಸ್. ಹೀಗಾಗಿ ಅಂಥ ಪರಿವರ್ತಕ ಹಾಕಿಕೊಂಡವರು ಕೊನೆಗೆ 60 ಹರ್ಟ್ಸ್‌ಗೆ ಇಳಿದು, ಮಿಣುಕುವ ಪರದೆಯ ಮುಂದೆ ತಲೆ ಹಿಡಿದುಕೊಂಡು ಕೂರುತ್ತಾರೆ.

ಎರಡನೆಯದು, ಬಣ್ಣ ಸರಿಪಡಿಸುತ್ತೇನೆಂದು ಮಾನಿಟರಿನ ಹಿಂಬದಿ ಬಿಚ್ಚಬೇಡಿ. ಟ್ಯೂಬಿನ ಆನೋಡಿಗೆ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ವಿದ್ಯುತ್ ಒತ್ತಡ ಹೋಗುತ್ತದೆ, ಪ್ಲಗ್ ತೆಗೆದ ಮೇಲೂ ಅದು ಒಳಗೆ ಉಳಿದಿರಬಹುದು. ಆ ಕೆಲಸ ಬಲ್ಲವರದು.

ರಕ್ಷಾಪುಟ (ಮರುಉತ್ತರ)

ಎಲ್ಲರಿಗೂ ಧನ್ಯವಾದಗಳು. ಪರೀಕ್ಷೆ ಮಾಡಿದೆ. ಕಲರಿಮೀಟರ್ ಎರವಲು ಸಿಕ್ಕಿತು. ಬ್ರೈಟ್‌ನೆಸ್ ಗುಂಡಿ ತುತ್ತತುದಿಯ ಹತ್ತಿರವಿತ್ತು, ಯಾವಾಗ ಅಲ್ಲಿಗೆ ತಿರುಗಿಸಿದೆನೋ ನೆನಪಿಲ್ಲ. ಅದನ್ನು ಇಳಿಸಿ ಕಪ್ಪನ್ನು ಕಪ್ಪಾಗಿಸಿದ ಮೇಲೆ ಬಿಳಿಯ ಪ್ರಕಾಶ 57 ಕ್ಯಾಂಡೆಲಾಕ್ಕಿಂತ ಮೇಲೇರಲಿಲ್ಲ, ಬೂದುಪಟ್ಟಿಯಲ್ಲಿ 14ನೆಯ ಹಂತದವರೆಗೂ ಒಂದೇ ಕಪ್ಪು, ಅಲ್ಲಿಂದ ಮುಂದಿನ ನೆರಳೆಲ್ಲ ನಸುಗೆಂಪು. ಎಷ್ಟೋ ವರ್ಷ ಆ ಕೆಂಪು ಚಿತ್ರದ್ದೇ ಎಂದುಕೊಂಡು ಅದಕ್ಕೆ ತಕ್ಕಂತೆ ಚಿತ್ರಗಳಿಗೆ ಹಸಿರು ಬೆರೆಸುತ್ತಿದ್ದೆನೆಂದು ಕಾಣುತ್ತದೆ.

ಇನ್ನೊಂದನ್ನೂ ಗಮನಿಸಿದೆ. ಸಂಜೆ ಕೋಣೆಯ ದೀಪ ಹಾಕಿ ಮಾನಿಟರನ್ನು ಆರಿಸಿದೆ. ಆರಿದ ಪರದೆ ಕಪ್ಪಾಗಿರಲಿಲ್ಲ, ಬೂದುಬಣ್ಣದ್ದಾಗಿತ್ತು. ಆ ಬೆಳಕಿನಲ್ಲಿ ಅದು ತೋರಿಸಬಲ್ಲ ಅತಿ ಗಾಢ ಕಪ್ಪು ಅಷ್ಟೇ ಎಂದಾಯಿತಲ್ಲವೇ? ಸಿಆರ್‌ಟಿಯ ಆಳವಾದ ಕಪ್ಪೆಂದು ನಾನು ಹೊಗಳುತ್ತಿದ್ದುದು ಕತ್ತಲ ಕೋಣೆಯಲ್ಲಿ ಮಾತ್ರ ನಿಜ.

ಆದ್ದರಿಂದ ವ್ಯಾಪಕ ಬಣ್ಣದ, ಕ್ಯಾಲಿಬ್ರೇಷನ್ನನ್ನು (ಬಣ್ಣದ ಹೊಂದಾಣಿಕೆಯನ್ನು) ತನ್ನೊಳಗೇ ಇಟ್ಟುಕೊಳ್ಳಬಲ್ಲ 24 ಅಂಗುಲದ ಐಪಿಎಸ್ ಪರದೆಯನ್ನು ತೆಗೆದುಕೊಳ್ಳಲು ನಿರ್ಧರಿಸಿದ್ದೇನೆ. ಚುಕ್ಕಿಚಿತ್ರ ಅವರೇ, ಸವೆದದ್ದಾದರೂ ಪರವಾಗಿಲ್ಲವೆಂದರೆ ಈ ಸಿಆರ್‌ಟಿ ನಿಮ್ಮದೇ. ಎತ್ತಲು ಇಬ್ಬರು ಬನ್ನಿ. ಕೊನೆಯದಾಗಿ ಒಂದು ಸಂದೇಹ: ಹೊಸ ಪರದೆಯನ್ನು ಯಾವ ಬಿಳುಪಿಗೆ ಹೊಂದಿಸಲಿ? ನನ್ನ ಹಳೆಯ ಆರ್‌ಜಿಬಿ ಚಿತ್ರಗಳ ಕಡತಗಳಲ್ಲಿ ಬಹುಪಾಲಿನಲ್ಲಿ ಪ್ರೊಫೈಲೇ (ಅಂಕಿಗಳು ಯಾವ ಬಣ್ಣವೆಂದು ಹೇಳುವ ವಿವರಣೆ) ಇಲ್ಲ, ಅವುಗಳ ಗತಿಯೇನು?

ಅಚ್ಚುಮನೆ (ಉತ್ತರ)

ಬಿಳುಪಿನ ಮಾತು ಸುಲಭದ್ದು. ಅಚ್ಚಾದ ಹಾಳೆಯನ್ನು ಪರದೆಯ ಪಕ್ಕದಲ್ಲೇ ಹಿಡಿದು ಹೋಲಿಸುವುದಾದರೆ ಡಿ50 (ತುಸು ಹಳದಿ ಬಿಳುಪು), ಏಕೆಂದರೆ ಮುದ್ರಣ ನೋಡುವ ಬೆಳಕಿಗೆ ಐಎಸ್‌ಒ 3664 ಮಾನದಂಡ ಹೇಳುವುದು ಅದನ್ನೇ. ಹೆಚ್ಚಿನ ಕೆಲಸ ಪರದೆಗಾಗಿಯೇ ಆದರೆ ಡಿ65 (ಅದಕ್ಕಿಂತ ನೀಲಿಯ ಕಡೆಯ ಬಿಳುಪು). ಮೊದಲ ಎರಡು ಮೂರು ದಿನ ಡಿ50 ನಿಮಗೆ ಹಳದಿಯಾಗಿ ಕಾಣುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಪ್ರಕಾಶವನ್ನು 100 ಕ್ಯಾಂಡೆಲಾದ ಆಸುಪಾಸಿನಲ್ಲಿಡಿ. ಹೊಸ ಪರದೆಗಳು ಪೆಟ್ಟಿಗೆಯಿಂದ ಬರುವಾಗ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿರುತ್ತವೆ, ಹಾಗೆಯೇ ಬಿಟ್ಟರೆ ಅಚ್ಚು ಮತ್ತೆ ಮಂಕಾಗಿಯೇ ಬರುತ್ತದೆ.

ಕಡತಗಳ ವಿಷಯ ಇದಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸಿಆರ್‌ಟಿಯನ್ನು ಇಂದೇ ಯಾರಿಗೂ ಕೊಡಬೇಡಿ. ಪ್ರೊಫೈಲ್ ಇಲ್ಲದ ಕಡತದಲ್ಲಿರುವುದು ಬರಿಯ ಅಂಕಿಗಳು. ಆ ಅಂಕಿಗಳಿಗೆ ನೀವು ಕಂಡ ಅರ್ಥವನ್ನು ಕೊಟ್ಟಿದ್ದು ಆ ಟ್ಯೂಬ್. ಎರವಲು ತಂದ ಕಲರಿಮೀಟರ್ ಹಿಂದಿರುಗಿಸುವ ಮುನ್ನ, ಬ್ರೈಟ್‌ನೆಸ್ ಗುಂಡಿಯನ್ನು ಮೊದಲಿದ್ದ ಜಾಗಕ್ಕೇ ಏರಿಸಿ, ಏನನ್ನೂ ಸರಿಪಡಿಸದೆ, ಇದ್ದದ್ದು ಇದ್ದ ಹಾಗೆಯೇ ಒಂದು ಪ್ರೊಫೈಲ್ ತೆಗೆದಿಡಿ. ಈಚಿನ ವರ್ಷಗಳಲ್ಲಿ ತಿದ್ದಿದ ಚಿತ್ರಗಳಿಗೆ ಅದನ್ನು ಅಂಟಿಸಿ, ಅನಂತರ ಅಡೋಬಿ ಆರ್‌ಜಿಬಿಗೆ ಪರಿವರ್ತಿಸಿ. ಹೊಸ ಪರದೆಯಲ್ಲಿ ಅವು ನೀವು ಅಂದು ಕಂಡದ್ದಕ್ಕೆ ಬಹಳ ಹತ್ತಿರವಾಗಿ ಕಾಣುತ್ತವೆ. ಟ್ಯೂಬ್ ಹೊಸದಾಗಿದ್ದ ಕಾಲದ ಕಡತಗಳಿಗೆ ಮಾತ್ರ ಎಸ್‌ಆರ್‌ಜಿಬಿಯನ್ನೇ ಅಂಟಿಸಿ. ಚುಕ್ಕಿಚಿತ್ರ ಅವರು ಒಂದು ವಾರ ಕಾಯಲಿ.