ಬೋರ್‌ವೆಲ್‌ಗೆ ಅಡಿ ಲೆಕ್ಕ, ಸುರಂಗಕ್ಕೆ ಮಾತ್ರ ಒಂದೇ ಮೊತ್ತ?

ಮಾದಾಪುರ ತೋಟದವ:
ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಬೇಕೋ ಬೇಡವೋ ಅಂತ ಬೆಂಗಳೂರಿನವರು ಜಗಳ ಆಡಿಕೊಳ್ಳಲಿ, ನನ್ನ ಪ್ರಶ್ನೆ ಬೇರೆ. ಅಕ್ಕನ ಮಗ ಉತ್ತರದ ಕಡೆ ಒಂದು ಟನಲ್ ಸೈಟಿನಲ್ಲಿದ್ದಾನೆ. ಹುತ್ತರಿಗೆ ಬಂದಾಗ ಹೇಳಿದ, ಒಳಗೆ ನೀರು ನುಗ್ಗಿ ನಾಲ್ಕು ತಿಂಗಳು ಕೆಲಸ ನಿಂತಿತ್ತಂತೆ, ಈಗ ಕಂಪನಿ ಹೆಚ್ಚುವರಿ ದುಡ್ಡು ಕೇಳುತ್ತಿದೆಯಂತೆ. ಯಾಕೆ ಕೊಡಬೇಕು? ಟೆಂಡರ್ ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದರಾ? ಕಡಿಮೆ ರೇಟಿಗೆ ಕೆಲಸ ಹಿಡಿಯುವುದು, ಆಮೇಲೆ ಕಲ್ಲು ಸಿಕ್ಕಿತು ನೀರು ಸಿಕ್ಕಿತು ಅಂತ ಬಿಲ್ ಏರಿಸುವುದು. ಎಲ್ಲ ನಮ್ಮ ತೆರಿಗೆ ದುಡ್ಡು.

ಕುಶಾಲನಗರ ಇಂಜಿನಿಯರ್ (ನಿವೃತ್ತ):
ಅಣ್ಣಾ, ಹೋದ ಬೇಸಿಗೆಯಲ್ಲಿ ಬೋರ್ ಹಾಕಿಸಿದಿರಿ ಅಲ್ವಾ? ರೇಟು ಹೇಗೆ ಮಾತಾಡಿದಿರಿ?

ಮಾದಾಪುರ ತೋಟದವ:
ಅಡಿ ಲೆಕ್ಕ. ಕೇಸಿಂಗ್ ಪೈಪ್ ಬೇರೆ. 300 ಅಡಿ ದಾಟಿದರೆ ರೇಟು ಜಾಸ್ತಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕುಶಾಲನಗರ ಇಂಜಿನಿಯರ್ (ನಿವೃತ್ತ):
ಅದೇ ಸಂಬಂಧ. ‘ಎಷ್ಟು ಅಡಿಗಾದರೂ ನೀರು ಬರಿಸಿಕೊಡು, ಒಟ್ಟು ಇಷ್ಟೇ ಕೊಡುತ್ತೇನೆ’ ಅಂದಿದ್ದರೆ ಆ ಗಾಡಿಯವನು ಏನು ಮಾಡುತ್ತಿದ್ದ? ಒಂದೋ ಮೂರು ಪಟ್ಟು ಹೇಳುತ್ತಿದ್ದ, ಇಲ್ಲ ಅರ್ಧಕ್ಕೆ ರಿಗ್ ಎತ್ತಿಕೊಂಡು ಹೋಗುತ್ತಿದ್ದ. ಸುರಂಗದಲ್ಲೂ ಅಷ್ಟೇ. ಫಿಡಿಕ್ ಅಂತ ಅಂತರರಾಷ್ಟ್ರೀಯ ಇಂಜಿನಿಯರುಗಳ ಒಕ್ಕೂಟ ಇದೆ, ಮಾದರಿ ಕರಾರು ಬರೆಯುವವರು. ಅವರ ಸಿಲ್ವರ್ ಬುಕ್ ಅನ್ನುವುದು ಬಹುತೇಕ ಎಲ್ಲ ರಿಸ್ಕನ್ನೂ ಗುತ್ತಿಗೆದಾರನ ತಲೆಗೆ ಕಟ್ಟುವ ಕರಾರು. ನೆಲದಡಿ ಕೆಲಸ ಜಾಸ್ತಿ ಇದ್ದರೆ ಇದು ಸರಿ ಹೋಗುವುದಿಲ್ಲ ಅಂತ 1999ರಲ್ಲೇ ಅದರ ಮುನ್ನುಡಿಯಲ್ಲಿ ಬರೆದಿದ್ದಾರೆ. 2019ರಲ್ಲಿ ಟನಲ್ ಸಂಘದವರ ಜೊತೆ ಸೇರಿ ಸುರಂಗಕ್ಕೆ ಅಂತಲೇ ಎಮರಾಲ್ಡ್ ಬುಕ್ ತಂದರು. ಅದರ ಮೂಲ ಲೆಕ್ಕ ಸರಳ: ನೆಲ ಹೇಗಿದೆ ಅನ್ನುವ ರಿಸ್ಕ್ ಕೆಲಸ ಮಾಡಿಸುವವರದು, ಆ ನೆಲದಲ್ಲಿ ಎಷ್ಟು ಬೇಗ ಅಗೆಯುತ್ತೇನೆ ಅನ್ನುವ ರಿಸ್ಕ್ ಗುತ್ತಿಗೆದಾರನದು.

ವಿರಾಜಪೇಟೆ ವಕೀಲ:
ಹೇಳಲು ಸುಲಭ ಸರ್. ಗೆರೆ ಎಲ್ಲಿ ಎಳೆಯುತ್ತೀರಿ?

ಕುಶಾಲನಗರ ಇಂಜಿನಿಯರ್ (ನಿವೃತ್ತ):
ಬೇಸ್‌ಲೈನ್ ರಿಪೋರ್ಟ್‌ನಲ್ಲಿ. ಇಷ್ಟು ಮೀಟರ್ ಗಟ್ಟಿ ಕಲ್ಲು, ಇಷ್ಟು ಮೀಟರ್ ಒಡೆದ ಕಲ್ಲು, ನಿಮಿಷಕ್ಕೆ ಇಷ್ಟು ಲೀಟರ್ ನೀರು ಅಂತ ಟೆಂಡರ್ ಜೊತೆಗೇ ಮಾಡಿಸುವವರು ಬರೆದುಕೊಡಬೇಕು. ಅದರೊಳಗೆ ಬಂದದ್ದು ಗುತ್ತಿಗೆದಾರನ ಪಾಡು. ಮೀರಿದ್ದಕ್ಕೆ ಹೆಚ್ಚು ದುಡ್ಡೂ ಕೊಡಬೇಕು, ಹೆಚ್ಚು ಸಮಯವೂ ಕೊಡಬೇಕು. ಕಲ್ಲು ನಿರೀಕ್ಷೆಗಿಂತ ಚೆನ್ನಾಗಿದ್ದರೆ ಅವಧಿ ಕಡಿಮೆಯೂ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ತೋಟದಣ್ಣನ ಸೋದರಳಿಯನ ಸೈಟಿನಲ್ಲಿ ನೀರಿನ ಅಂಕಿ ಬರೆದಿದ್ದರಾ ಇಲ್ಲವಾ, ಮೊದಲು ಅದನ್ನು ಕೇಳಿ.

ವಿರಾಜಪೇಟೆ ವಕೀಲ:
ನಮ್ಮ ದೇಶದ ಕರಾರುಗಳು ಅಷ್ಟು ದೂರ ಬಂದಿಲ್ಲ ಬಿಡಿ. ಹೆದ್ದಾರಿ ಮಾದರಿ ಕರಾರಿನಲ್ಲಿ, ಸೈಟ್ ನೋಡಿದರೂ ಊಹಿಸಲಾಗದ ಭೂಸ್ಥಿತಿ ಎದುರಾದರೆ ಅದು ‘ಫೋರ್ಸ್ ಮೆಜೂರ್’, ಅಂದರೆ ಯಾರ ಕೈಯಲ್ಲೂ ಇಲ್ಲದ ಆಪತ್ತಿನ ಪಟ್ಟಿಗೆ ಸೇರುತ್ತದೆ. ಭೂಕಂಪ, ಪ್ರವಾಹದ ಸಾಲಿನಲ್ಲಿ. ಆಗ ಸಮಯ ಸಿಗುತ್ತದೆ, ಆದರೆ ಖರ್ಚು ಅವರವರದೇ. ಹೆಚ್ಚುವರಿ ದುಡ್ಡಿನ ಕ್ಲೇಮ್ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಸಾಲದ್ದಕ್ಕೆ 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ, ಸರ್ಕಾರಿ ಕರಾರುಗಳಲ್ಲಿ 10 ಕೋಟಿ ಮೇಲಿನ ವ್ಯಾಜ್ಯಕ್ಕೆ ಆರ್ಬಿಟ್ರೇಶನ್ (ಕೋರ್ಟ್ ಬದಲು ಮಧ್ಯಸ್ಥರ ತೀರ್ಮಾನ) ಕಲಂ ಸುಮ್ನೆ ಹಾಕಬೇಡಿ ಅಂತ ಸುತ್ತೋಲೆ ಕಳಿಸಿತು. ಸುರಂಗದಲ್ಲಿ 10 ಕೋಟಿ ಒಳಗಿನ ಜಗಳ ಇರುತ್ತದಾ? ಎಲ್ಲ ಕೋರ್ಟಿಗೆ. ನನಗೇನೋ ಒಳ್ಳೆಯದೇ 😀

ಸುಂಟಿಕೊಪ್ಪ ಜಿಯಾಲಜಿ:
ಎರಡು ವರ್ಷ ಟನಲ್ ಒಳಗೆ ಫೇಸ್ ಮ್ಯಾಪಿಂಗ್, ಅಂದರೆ ಹೊಸದಾಗಿ ಅಗೆದ ಕಲ್ಲಿನ ಮುಖ ನೋಡಿ ದಾಖಲಿಸುವ ಕೆಲಸ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಜಿನಿಯರ್ ಸರ್ ಹೇಳಿದ ಗೆರೆ ಕಾಗದದಲ್ಲಿ ನೇರವಾಗಿದೆ, ಒಳಗೆ ಹಾಗಿಲ್ಲ. ಬ್ಲಾಸ್ಟ್ ಆಗಿ, ಹೊಗೆ ಹೋಗಿ, ಒಡೆದು ಬಿದ್ದ ಕಲ್ಲುಮಣ್ಣು ತೆಗೆದು, ಸಡಿಲ ಕಲ್ಲು ಕೆಡವಿದ ಮೇಲೆ ನಮಗೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಸುತ್ತಿಗೆಯಲ್ಲಿ ಕುಟ್ಟಿ, ಬಿರುಕು ಎಣಿಸಿ, ಇದು ಮೂರನೇ ಕ್ಲಾಸೋ ನಾಲ್ಕನೆಯದೋ ಅಂತ ಹೇಳಬೇಕು. ನಾಲ್ಕು ಅಂದರೆ ಕಲ್ಲು ಇನ್ನೂ ಕೆಟ್ಟದ್ದು, ಕಂಪನಿಗೆ ಮೀಟರಿಗೆ ಹೆಚ್ಚು ದುಡ್ಡು. ಹಿಂದೆ ಗೋಡೆಗೆ ಸಿಮೆಂಟ್ ಸಿಂಪಡಿಸುವ ಶಾಟ್‌ಕ್ರೀಟ್ ಗಾಡಿ ಇಂಜಿನ್ ಆನ್ ಮಾಡಿಕೊಂಡು ಕಾಯುತ್ತಿರುತ್ತದೆ. ಒಮ್ಮೆ ಸಿಮೆಂಟ್ ಬಳಿದರೆ ಮುಗಿಯಿತು, ಕಲ್ಲು ಹೇಗಿತ್ತು ಅನ್ನುವುದಕ್ಕೆ ಫೋಟೋ, ಎರಡು ಸಹಿ ಬಿಟ್ಟರೆ ಏನೂ ಇಲ್ಲ. ರಾತ್ರಿ ಎರಡು ಗಂಟೆಗೆ ಎದುರು ಪಾರ್ಟಿ ಜಿಯಾಲಜಿಸ್ಟ್ ಮಲಗಿದ್ದರೆ? ಒಂದೇ ಸಹಿ. ಕರಾರಿನ ಜೀವ ಇರುವುದು ಆ ಸಹಿಯಲ್ಲಿ.

ಮಾದಾಪುರ ತೋಟದವ:
ನೋಡಿ, ನಾನು ಹೇಳಿದ್ದು ಇದನ್ನೇ! ಕ್ಲಾಸ್ ಏರಿಸಿ ದುಡ್ಡು ಹೊಡೆಯುತ್ತಾರೆ.

ಸುಂಟಿಕೊಪ್ಪ ಜಿಯಾಲಜಿ:
ಹೊಡೆಯುವವರೂ ಇದ್ದಾರೆ ಅಂಕಲ್. ಆದರೆ ಉಲ್ಟಾ ಕೇಸ್ ಇನ್ನೂ ಕೆಟ್ಟದ್ದು. ಒಂದೇ ಮೊತ್ತದ ಕರಾರಿನಲ್ಲಿ ಕಲ್ಲು ಕೆಟ್ಟಿದೆ ಅಂತ ಒಪ್ಪಿಕೊಂಡರೆ ಕಂಪನಿಗೇ ನಷ್ಟ. ಮುಂದೆ ಏನಿದೆ ಅಂತ ಪ್ರೋಬ್ ಹೋಲ್ ಕೊರೆಯುವುದು, ಕಲ್ಲು ಹಿಡಿದಿಡಲು ಹೆಚ್ಚು ಬೋಲ್ಟ್ ಹಾಕುವುದು, ಎಲ್ಲ ಸ್ವಂತ ಜೇಬಿನಿಂದ. ಕೈ ಬಿಗಿಯಾಗುತ್ತದೆ. ಒಳಗಿರುವವರು ಕೂಲಿಯವರು. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ 17 ದಿನ ಒಳಗೆ ಸಿಕ್ಕಿಕೊಂಡರಲ್ಲ, ಆ ದಿನಗಳಲ್ಲಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕರಾರೇ ಕಾರಣ ಅಂತ ಹೇಳುತ್ತಿಲ್ಲ. ಆದರೆ ಪ್ರೋಬಿಂಗ್, ಸಪೋರ್ಟ್‌ಗೆಲ್ಲ ಅಳತೆ ಮಾಡಿ ಬೇರೆ ದುಡ್ಡು ಕೊಟ್ಟರೆ ಯಾರೂ ಉಳಿಸಲು ಹೋಗುವುದಿಲ್ಲ.

ಸಂಪಾಜೆ ಹುಡುಗ:
ಮೊದಲೇ ಚೆನ್ನಾಗಿ ಬೋರ್ ಹಾಕಿ ಪರೀಕ್ಷೆ ಮಾಡಿದರೆ ಈ ರಗಳೆಯೇ ಇಲ್ಲ ಅಲ್ವಾ ಮಾರಾಯ್ರೆ?

ಕುಶಾಲನಗರ ಇಂಜಿನಿಯರ್ (ನಿವೃತ್ತ):
ಸ್ವಲ್ಪ ಮಟ್ಟಿಗೆ. ಹಿಮಾಚಲದ ಅಟಲ್ ಸುರಂಗದಲ್ಲಿ ತಲೆ ಮೇಲೆ ಸುಮಾರು 2 ಕಿ.ಮೀ. ಬೆಟ್ಟ, ಎಲ್ಲಿಂದ ಕೊರೆಯುತ್ತೀಯ? 9 ಕಿ.ಮೀ. ಸುರಂಗದಲ್ಲಿ ಸೇರಿ ನಾಲಾ ಅನ್ನುವ 587 ಮೀಟರ್ ಎಲ್ಲರನ್ನೂ ಸುಸ್ತು ಮಾಡಿತು. 2010ರಲ್ಲಿ ಶುರುವಾಗಿದ್ದು ತೆರೆದದ್ದು 2020ರ ಅಕ್ಟೋಬರ್‌ನಲ್ಲಿ. 2018ರ ಆಗಸ್ಟ್‌ಗೆ ಮೊದಲು ಜೋಡುಪಾಲದ ಗುಡ್ಡ ಜಾರುತ್ತದೆ ಅಂತ ನಿಮ್ಮೂರಿನಲ್ಲಿ ಯಾರಾದರೂ ಹೇಳಿದ್ದರಾ? ಅದು ಕಣ್ಣಿಗೆ ಕಾಣುವ ಗುಡ್ಡ.

ವಿರಾಜಪೇಟೆ ವಕೀಲ:
ಒಪ್ಪಿದೆ. ಆದರೆ ಬೇಸ್‌ಲೈನ್ ಬರೆಯುವವರೂ ಮನುಷ್ಯರೇ. ಯೋಜನೆ ಪಾಸಾಗಲಿ ಅಂತ ಚೆಂದದ ಕಲ್ಲು ಬರೆದರೆ ಕ್ಲೇಮ್ ಸುರಿಮಳೆ. ಹೆದರಿಕೊಂಡು ಎಲ್ಲ ಕೆಟ್ಟದ್ದು ಅಂತ ಬರೆದರೆ ಟೆಂಡರ್ ಮೊತ್ತವೇ ಆಕಾಶಕ್ಕೆ. ನನ್ನ ಕೇಳಿದರೆ ಮೂರು ಜನ ತಟಸ್ಥ ತಜ್ಞರನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು. ಅಮೆರಿಕದ ಐಸೆನ್‌ಹೋವರ್ ಸುರಂಗದ ಎರಡನೇ ಕೊಳವೆಗೆ 1975ರಲ್ಲೇ ಹಾಗೆ ಮಾಡಿದ್ದರು. ಕಲ್ಲು ಕಾಣುತ್ತಿರುವಾಗಲೇ ಬಂದು ನೋಡಿ ಹೇಳಿಬಿಡುತ್ತಾರೆ. ಹತ್ತು ವರ್ಷ ಬಿಟ್ಟು ಜಡ್ಜ್ ಮುಂದೆ ಫೋಟೋ ಹಿಡಿದರೆ ಅವರಿಗೆ ಕಾಣುವುದು ಬೂದು ಬಣ್ಣ ಅಷ್ಟೇ.

ಮಾದಾಪುರ ತೋಟದವ:
ಸೋದರಳಿಯನಿಗೆ ಫೋನ್ ಮಾಡಿದೆ. ಕರಾರಿನಲ್ಲಿ ನೀರಿನ ಬಗ್ಗೆ ಇರುವುದು ಒಂದೇ ಸಾಲಂತೆ, ‘ಗುತ್ತಿಗೆದಾರನು ಸ್ಥಳ ಪರಿಶೀಲಿಸಿ ತೃಪ್ತನಾಗಿದ್ದಾನೆ’. ಬೆಟ್ಟದ ಹೊಟ್ಟೆಯೊಳಗೆ ಯಾರು ಹೋಗಿ ತೃಪ್ತರಾಗಿ ಬಂದರೋ! ಆದರೂ ಬಿಲ್ ಪೂರ್ತಿ ಒಪ್ಪುವುದಿಲ್ಲ, ಪಂಪ್ ಬಾಡಿಗೆ ಕೊಡಲಿ, ಆಫೀಸ್ ಖರ್ಚು ಬೇಡ. ಅಂದಹಾಗೆ ಸೋಮವಾರ ಇನ್ನೊಂದು ಬೋರ್ ಹಾಕಿಸುತ್ತಿದ್ದೇನೆ. ಕೇಸಿಂಗ್ ಎಷ್ಟು ಅಡಿ ಇಳಿಯಿತು ಅಂತ ನೋಡಲು ಈ ಸಲ ಗಾಡಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಸುಂಟಿಕೊಪ್ಪ ಜಿಯಾಲಜಿ:
ಪೈಪ್ ಇಳಿಸುವ ಮೊದಲೇ ಎಣಿಸಿ ಅಂಕಲ್, ಫೋಟೋನೂ ತೆಗೆದಿಡಿ. ಇಳಿದ ಮೇಲೆ ಕಾಣುವುದಿಲ್ಲ.