‘ಎಸ್‌ಎಂಪಿಎಸ್ ತೆಗೆಯಿರಿ’ ಅಂದರೆ ಹೊರಗೆ ತೆಗೆಯುವುದೋ, ಬಿಚ್ಚಿ ನೋಡುವುದೋ?

ಗೆಳೆಯರೇ,

ಶಿರಸಿ ಹತ್ತಿರದ ಒಂದು ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಗೋಡೆಗೆ ಅಂಟಿಸುವಂಥ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಗುಡುಗು-ಸಿಡಿಲಿನ ದಿನಗಳಲ್ಲಿ ಅಲ್ಲಿ ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಮಾಡಿಕೊಡುವ ಪವರ್ ಸಪ್ಲೈ ಡಬ್ಬಿ) ಹೋಗುವುದು ಮಾಮೂಲು. ಪೇಟೆಯಿಂದ ರಿಪೇರಿಯವರು ಬರುವ ತನಕ ಕಾಯುವ ಬದಲು ಮೇಷ್ಟ್ರೇ ಹೊಸದನ್ನು ಹಾಕಿಕೊಳ್ಳಲಿ ಅಂತ. ಕೆಲಸ ಕಷ್ಟದ್ದಲ್ಲ. ಹಿಂದೆ ನಾಲ್ಕು ಸ್ಕ್ರೂ, ಒಳಗೆ ವಯರು ಸಿಕ್ಕಿಸುವ ಕೆಲವು ಕನೆಕ್ಟರ್. ಕಷ್ಟ ಇರುವುದು ಬರೆಯುವುದರಲ್ಲಿ.

ಹೆಸರಿನ ಬಗ್ಗೆ ಜಾಸ್ತಿ ಚರ್ಚೆ ಬೇಡ. ‘ವಿದ್ಯುತ್ ಸರಬರಾಜು ಬದಲಿಸುವುದು’ ಅಂತ ಬರೆದರೆ ನಮ್ಮ ಕಡೆಯವರು ಹೆಸ್ಕಾಂ ಕೆಲಸ ಅಂದುಕೊಳ್ಳುತ್ತಾರೆ. ಅದರ ಹೆಸರೇ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ಅಲ್ವಾ! ಅಂಗಡಿಯಲ್ಲಿ ಕೇಳುವುದೂ ಕೊಡುವುದೂ ಎಸ್‌ಎಂಪಿಎಸ್. ಅದನ್ನೇ ಇಟ್ಟುಕೊಂಡಿದ್ದೇನೆ.

ನನಗೆ ತಲೆನೋವಾಗಿರುವುದು ಕ್ರಿಯಾಪದ. ‘ಹಳೆಯ ಎಸ್‌ಎಂಪಿಎಸ್ ತೆಗೆಯಿರಿ’ ಅಂತ ಸಲೀಸಾಗಿ ಬರೆದುಬಿಡಬಹುದು. ಆದರೆ ಬಾಗಿಲು ತೆಗೆ, ಡಬ್ಬಿ ತೆಗೆ ಅಂದಾಗ ಅದೇ ‘ತೆಗೆ’ಗೆ ತೆರೆ ಅನ್ನುವ ಅರ್ಥ. ಎಸ್‌ಎಂಪಿಎಸ್ ನೋಡಲಿಕ್ಕೂ ಒಂದು ತಗಡಿನ ಡಬ್ಬಿಯೇ. ಕುತೂಹಲ ಇರುವ ಹುಡುಗ ಯಾರಾದರೂ ಮುಚ್ಚಳ ತೆಗೆದರೆ? ಗೋಡೆಯ 230 ವೋಲ್ಟ್ ಎಸಿ ಕರೆಂಟು ಅದರೊಳಗೆ ಡಿಸಿ ಆದಾಗ ಸುಮಾರು 325 ವೋಲ್ಟಿನ ತನಕ ಏರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್, ಪ್ಲಗ್ ಕಳಚಿದ ಮೇಲೂ ಸ್ವಲ್ಪ ಹೊತ್ತು ಶಾಕ್ ಹೊಡೆಯಬಲ್ಲದು. ಹಾಗಾಗಿ ಇಲ್ಲಿ ಎರಡರ್ಥ ಇರಲೇಬಾರದು.

‘ಬಿಚ್ಚಿ’ ಅಂದರೆ ಇನ್ನೂ ಕೆಟ್ಟದು. ಸ್ಕ್ರೂ ಬಿಚ್ಚು ಸರಿ, ಆದರೆ ‘ಪಂಪ್‌ಸೆಟ್ ಬಿಚ್ಚಿ ಹಾಕಿದಾರೆ’ ಅಂದರೆ ಪೂರ್ತಿ ಬಿಡಿಭಾಗ ಮಾಡಿ ಹರಡಿದಾರೆ ಅಂತಲೇ. ಸದ್ಯಕ್ಕೆ ‘ತಗಡಿನ ಡಬ್ಬಿ ಸಮೇತ ಹೊರಗೆ ತೆಗೆಯಿರಿ, ಡಬ್ಬಿ ಬಿಚ್ಚಬೇಡಿ’ ಅಂತ ಬರೆದಿದ್ದೇನೆ. ಉದ್ದ ಆಯಿತು, ಆದರೆ ತಪ್ಪು ತಿಳಿಯಲಿಕ್ಕೆ ಜಾಗ ಇಲ್ಲ. ‘ಹೊರತೆಗೆಯಿರಿ’ ಒಂದೇ ಸಾಕು ಅಂತ ಯಾರಾದರೂ ಹೇಳಬಹುದು. ಅದು ಪುಸ್ತಕದ ಮಾತು, ಅವಸರದಲ್ಲಿ ಓದುವವರು ‘ಹೊರ’ವನ್ನು ಬಿಟ್ಟು ಓದುತ್ತಾರೆ.

ಕನೆಕ್ಟರ್‌ಗೆ ‘ಕೀಳಿ’ ಅನ್ನುವುದು ಬಾಯಿಗೆ ಬರುವ ಮಾತು. ಆದರೆ ಕೀಳುವುದು ಕಳೆಯನ್ನು, ಹಲ್ಲನ್ನು. ಅಲ್ಲಿ ಬಲ ಹಾಕಿ ಎಳೆಯಲೇಬೇಕು. ಮದರ್‌ಬೋರ್ಡಿನ 24 ಪಿನ್ನಿನ ಕನೆಕ್ಟರ್‌ಗೆ ಒಂದು ಪ್ಲಾಸ್ಟಿಕ್ ಕೊಕ್ಕೆ ಇರುತ್ತದೆ. ಅದನ್ನು ಒತ್ತಿ ಹಿಡಿದುಕೊಂಡು ನಿಧಾನ ಮೇಲೆತ್ತಬೇಕು. ವಯರು ಹಿಡಿದು ಕಿತ್ತರೆ ಬೋರ್ಡಿಗೇ ಪೆಟ್ಟು. ಇದಕ್ಕೆ ‘ಕಳಚಿ’ ನನಗೆ ಸರಿ ಕಾಣುತ್ತದೆ. ಬಳೆ ಕಳಚುವಾಗಲೂ ಕೈ ಹಗುರ ಇರಬೇಕಲ್ಲ. ವಾಪಸ್ ಹಾಕುವಾಗ ‘ಟಕ್ ಅನ್ನುವ ತನಕ ಒತ್ತಿ ಕೂರಿಸಿ’. ಇದರಲ್ಲಿ ಅನುಮಾನ ಇಲ್ಲ.

ಇನ್ನು ‘ಬಂದ್ ಮಾಡಿ’. ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಬಂದ್, ಹಿಂದಿನ ಸಣ್ಣ ಸ್ವಿಚ್ಚು ಒತ್ತಿದರೂ ಬಂದ್, ಗೋಡೆಯ ಸ್ವಿಚ್ಚು ಆರಿಸಿದರೂ ಬಂದ್. ಈಗಿನ ಎಸ್‌ಎಂಪಿಎಸ್ ಬರೀ ಶಟ್‌ಡೌನ್‌ಗೆ ಪೂರ್ತಿ ಬಂದ್ ಆಗುವುದಿಲ್ಲ. 5 ವೋಲ್ಟಿನ ಒಂದು ಲೈನು ನೇರಳೆ ವಯರಿನಲ್ಲಿ ಹರಿಯುತ್ತಲೇ ಇರುತ್ತದೆ, ಮುಂದಿನ ಬಟನ್ ಒತ್ತಿದಾಗ ಎದ್ದೇಳಲಿಕ್ಕೆ. ಇಲ್ಲಿ ‘ಬಂದ್’ ಕೈಬಿಟ್ಟು ‘ಪವರ್ ಕೇಬಲನ್ನೇ ಕಳಚಿ ಪಕ್ಕಕ್ಕಿಡಿ’ ಅಂದಿದ್ದೇನೆ. ಕಣ್ಣಿಗೆ ಕಾಣುವ ಕೆಲಸ ಹೇಳುವುದೇ ವಾಸಿ.

‘ಸಿಪಿಯು’ದ್ದು ಬೇರೆ ತಮಾಷೆ. ನಿಜಕ್ಕೆ ಅದು ಒಳಗಿನ ಪ್ರೊಸೆಸರ್ ಚಿಪ್ಪಿನ ಹೆಸರು, ನಾವೆಲ್ಲ ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುತ್ತೇವೆ. ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಪ್ರೊಸೆಸರ್‌ಗೆ ಕರೆಂಟು ಕೊಡುವ 4 ಅಥವಾ 8 ಪಿನ್ನಿನ ಕನೆಕ್ಟರ್ ಮೇಲೂ ಸಿಪಿಯು ಅಂತಲೇ ಅಚ್ಚಾಗಿರುತ್ತದೆ. ‘ಸಿಪಿಯು ಪಿನ್ ಹಾಕಿ’ ಅಂದರೆ ಹಿಂದಿನ ಪವರ್ ಕೇಬಲ್ ಅಂದುಕೊಳ್ಳುವವರೇ ಜಾಸ್ತಿ. ಒಳಗಿನದನ್ನು ಮರೆತರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಹೊಸ ಎಸ್‌ಎಂಪಿಎಸ್ಸೂ ಹೋಗಿದೆ ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ! ಪೆಟ್ಟಿಗೆಗೆ ‘ಕ್ಯಾಬಿನೆಟ್’, ಕನೆಕ್ಟರ್‌ಗೆ ‘ಪ್ರೊಸೆಸರ್ ಪಕ್ಕದ ಹಳದಿ-ಕಪ್ಪು ವಯರಿನದು’ ಅಂತ ಬರೆಯಲೇ? (1995ರಲ್ಲಿ ಇಂಟೆಲ್‌ನ ಎಟಿಎಕ್ಸ್ ಅನ್ನುವ ಈಗಿನ ಮಾದರಿ ಬರುವ ಮುಂಚೆ ಮುಖ್ಯ ಕನೆಕ್ಟರ್ ಎರಡು ತುಂಡಾಗಿ ಬರುತ್ತಿತ್ತು. ಎರಡರ ಕಪ್ಪು ವಯರುಗಳು ನಡುವೆ ಅಕ್ಕಪಕ್ಕ ಬರುವಂತೆ ಕೂರಿಸಬೇಕಿತ್ತು. ಅದಲುಬದಲಾದರೆ ಬೋರ್ಡು ಸುಟ್ಟಂತೆ. ಆಗಲೂ ಜನರಿಗೆ ನೆನಪಿನಲ್ಲಿ ಉಳಿದದ್ದು ಬಣ್ಣವೇ.)

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಒಂದು ಪ್ರಶ್ನೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಅಲ್ಲಾಡದ ಸ್ಕ್ರೂಗೆ, ಪಿನ್ನಿಗೆ ನಿಮ್ಮಲ್ಲಿ ಏನಂತಾರೆ? ನಾನು ‘ಹಿಡಿದುಕೊಂಡಿದೆ’ ಅಂತ ಬರೆದಿದ್ದೇನೆ. ಕೊಕ್ಕೆ ಒತ್ತಿ ಕನೆಕ್ಟರ್ ತೆಗೆಯುವುದಕ್ಕೆ ರಿಪೇರಿ ಅಂಗಡಿಗಳಲ್ಲಿ, ಕನ್ನಡವೋ ಕೊಂಕಣಿಯೋ, ಬೇರೆ ಮಾತು ಇದ್ದರೆ ಅದನ್ನೂ ಹೇಳಿ. ‘ಕಳಚಿ’ಗಿಂತ ಅದು ಚೆನ್ನಾಗಿದ್ದರೆ ಹಾಳೆಯಲ್ಲಿ ಅದನ್ನೇ ಹಾಕುತ್ತೇನೆ.