ಎಲ್ಲರ ಕೈಯಲ್ಲೂ ಒಂದೇ ಪೆಮ್ ಫೈಲ್, ಈಗ ಬೇರೆ ಬೇರೆ ಕೀ ಮಾಡುವುದು ಹೇಗೆ?

ಗಿರ್ಮಿಟ್_ಪ್ರಿಯ:

ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪಿಎಚ್‌ಪಿ ಕೆಲಸ ಮಾಡುತ್ತೇನೆ. ಸರ್ವರ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು, ಆ ಜವಾಬ್ದಾರಿ ಈಗ ನನ್ನ ಹೆಗಲಿಗೆ ಬಿದ್ದಿದೆ.

ಅಮೆಜಾನ್‌ನ ಇಸಿ2 ಎಂಬ ಬಾಡಿಗೆ ಸರ್ವರ್ ಸೇವೆಯ ಮೇಲೆ ನಾಲ್ಕು ಉಬುಂಟು (ಲಿನಕ್ಸ್) ಸರ್ವರ್ ಇವೆ. ನಾಲ್ಕಕ್ಕೂ ಒಂದೇ ಪೆಮ್ ಫೈಲ್, ಅಂದರೆ ಲಾಗಿನ್ ಆಗಲು ಬೇಕಾದ ಪ್ರೈವೇಟ್ ಕೀ ಇರುವ ಫೈಲ್. ಅದು ಓಡಾಡುವುದು ಆಫೀಸಿನ ವಾಟ್ಸಾಪ್‌ನಲ್ಲಿ, ಹೊಸಬರು ಸೇರಿದ ದಿನ ಯಾರಾದರೊಬ್ಬರು ಫಾರ್ವರ್ಡ್ ಮಾಡುತ್ತಾರೆ. ಎಲ್ಲರೂ ಉಬುಂಟು ಎನ್ನುವ ಒಂದೇ ಯೂಸರ್ ಹೆಸರಲ್ಲಿ ಲಾಗಿನ್ ಆಗುತ್ತಾರೆ, ಹಾಗಾಗಿ ಯಾರು ಏನು ಮಾಡಿದರು ಅಂತ ಲಾಗ್ ನೋಡಿದರೂ ತಿಳಿಯುವುದಿಲ್ಲ. ಬಿಟ್ಟುಹೋದವರ ಲ್ಯಾಪ್‌ಟಾಪಿನಲ್ಲೂ ಆ ಫೈಲ್ ಇದ್ದೇ ಇರುತ್ತದೆ. ಅವರ ಮೇಲೆ ಅನುಮಾನ ಅಂತಲ್ಲ, ಆದರೂ ಸರಿ ಅಲ್ಲ ಅಲ್ವಾ?

ಅಮೆಜಾನ್ ಕನ್ಸೋಲಿಗೆ ಹೋಗಿ ಕೀ ಪೇರ್ ಡಿಲೀಟ್ ಮಾಡಿಬಿಡು, ಮುಗೀತು ಅಂತ ನಮ್ಮ ಬಾಸ್ ಹೇಳುತ್ತಿದ್ದಾರೆ. ಅಷ್ಟು ಸಾಕಾ? ಹಳೆಯದನ್ನು ತೆಗೆಯಲು ಹೋಗಿ ನಾವೇ ಒಳಗೆ ಹೋಗಲಾಗದ ಹಾಗೆ ಆಗಿಬಿಟ್ಟರೆ ಎಂಬ ಭಯವೂ ಇದೆ. ಗಿರಾಕಿಗಳ ಸೈಟ್ ಓಡುತ್ತಿರುವ ಸರ್ವರ್‌ಗಳು ಇವು.

ಕಪ್ಪು_ಪರದೆ:

ಸಾಕಾಗುವುದಿಲ್ಲ. ಕನ್ಸೋಲಿನಲ್ಲಿ ಡಿಲೀಟ್ ಮಾಡಿದರೆ ಅಮೆಜಾನ್ ಇಟ್ಟುಕೊಂಡಿರುವ ಪಬ್ಲಿಕ್ ಕೀ (ಜೋಡಿಯಲ್ಲಿ ಸರ್ವರಿನಲ್ಲಿ ಇಡುವ, ಗುಟ್ಟಲ್ಲದ ಭಾಗ) ಪ್ರತಿ ಹೋಗುತ್ತದೆ, ಅಷ್ಟೆ. ಸರ್ವರ್ ಮೊದಲ ಸಲ ಶುರುವಾದಾಗಲೇ ಆ ಕೀಯನ್ನು ಆಥರೈಸ್ಡ್ ಕೀಸ್ ಫೈಲಿಗೆ ಬರೆದಾಗಿದೆ. ಲಾಗಿನ್ ಹೊತ್ತಿಗೆ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಮಾಡಿಸುವ ವ್ಯವಸ್ಥೆ) ನೋಡುವುದು ಆ ಫೈಲನ್ನು. ಬಾಗಿಲಿನ ಬೀಗ ಹಾಗೇ ಬಿಟ್ಟು, ಬೀಗದ ಅಂಗಡಿಯವರ ಪುಸ್ತಕದಲ್ಲಿ ನಿಮ್ಮ ಹೆಸರು ಹೊಡೆಸಿದ ಹಾಗೆ.

ಇದರ ಜೊತೆಗೆ ಇನ್ನೊಂದು ವಿಷಯ ಇದೆ, ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಒಂದು ಸರ್ವರಿನ ಇಮೇಜ್ (ಪೂರ್ತಿ ನಕಲು) ತೆಗೆದು ಅದರಿಂದ ಇನ್ನೊಂದನ್ನು ಎಬ್ಬಿಸಿದ್ದರೆ, ಹಳೆಯ ಕೀ ಅದರೊಳಗೆ ಕೂತೇ ಬಂದಿರುತ್ತದೆ. ಎಬ್ಬಿಸುವಾಗ ನೀವು ಹೊಸ ಕೀ ಪೇರ್ ಆರಿಸಿದ್ದರೂ ಅದು ಕೆಳಗಿನ ಸಾಲಿಗೆ ಸೇರುತ್ತದೆ, ಮೇಲಿನ ಸಾಲು ಅಳಿಯುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಪ್ರತಿಯೊಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲೇ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ ಕೀ ಮಾಡಿಕೊಳ್ಳಲಿ, ವಿಧ ಇಡಿ25519. ಉಬುಂಟು ಬಳಸುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದು 2014ರಿಂದಲೇ ಇದೆ, ಹಾಗಾಗಿ ಉಬುಂಟುವಿನಲ್ಲಿ ತಕರಾರು ಬರುವುದಿಲ್ಲ. ಪಾಸ್‌ಫ್ರೇಸ್ (ಕೀಗೆ ಹಾಕುವ ಪಾಸ್‌ವರ್ಡ್) ಕೇಳಿದಾಗ ಸುಮ್ನೆ ಎಂಟರ್ ಒತ್ತಬಾರದು. ದಿನಕ್ಕೆ ಹತ್ತು ಸಲ ಟೈಪ್ ಮಾಡಬೇಕಲ್ಲ ಅಂತ ಗೊಣಗುತ್ತಾರೆ, ಬಿಚ್ಚಿದ ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್-ಏಜೆಂಟ್ ಇರುವುದೇ ಅದಕ್ಕೆ. ಬೆಳಿಗ್ಗೆ ಒಂದು ಸಲ ಟೈಪ್ ಮಾಡಿದರೆ ಮುಗಿಯಿತು.

ಆಮೇಲೆ ಅವರು ನಿಮಗೆ ಕಳಿಸಬೇಕಾದದ್ದು ಡಾಟ್ ಪಬ್ ಎಂದು ಕೊನೆಯಾಗುವ ಫೈಲ್ ಮಾತ್ರ. ಅದು ವಾಟ್ಸಾಪ್‌ನಲ್ಲಿ ಬಂದರೂ ಗುಟ್ಟೇನೂ ರಟ್ಟಾಗುವುದಿಲ್ಲ, ಕಳಿಸಿದವರು ಅವರೇ ಅಂತ ಫೋನಿನಲ್ಲಿ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಯಾರಾದರೂ ಪ್ರೈವೇಟ್ ಕೀಯನ್ನೇ ಕಳಿಸಿದರೆ ಆ ಜೋಡಿ ಅಲ್ಲಿಗೇ ಕೆಟ್ಟಿತು, ಹೊಸದು ಮಾಡಿಸಿ. ಮುಲಾಜು ನೋಡಬೇಡಿ. ಪ್ರೈವೇಟ್ ಕೀ ಹುಟ್ಟಿದ ಮಷೀನ್ ಬಿಟ್ಟು ಹೊರಗೆ ಬರಬಾರದು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಬ್ಬರಿಗೆ ಎರಡು ಲ್ಯಾಪ್‌ಟಾಪ್ ಇದ್ದರೆ ಎರಡು ಕೀ.

ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಯೂಸರ್ ಮಾಡಿ. ಜನ ಜಾಸ್ತಿ ಎಡವುವುದು ಇಲ್ಲೇ. ಸೂಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿಕೊಂಡು ಫೋಲ್ಡರ್ ಮಾಡುತ್ತೀರಿ, ಕೀ ಅಂಟಿಸುತ್ತೀರಿ, ಆದರೆ ಆ ಫೈಲ್ ರೂಟ್ (ಮುಖ್ಯ ಅಡ್ಮಿನ್ ಯೂಸರ್) ಹೆಸರಲ್ಲೇ ಉಳಿದಿರುತ್ತದೆ. ಆ ಹೊಸ ಯೂಸರ್ ಲಾಗಿನ್ ಮಾಡಲು ನೋಡುತ್ತಾನೆ, ಪರ್ಮಿಷನ್ ಡಿನೈಡ್. ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ಅವನ ಹೆಸರಿಗೆ ಚೌನ್ (ಮಾಲೀಕನ ಬದಲಾವಣೆ) ಆಗಿರಬೇಕು, ಪರ್ಮಿಷನ್ 700, ಅಂದರೆ ಅವನಿಗೆ ಮಾತ್ರ. ಒಳಗಿನ ಫೈಲಿಗೆ 600. ಹೋಮ್ ಫೋಲ್ಡರಿಗೆ ಯಾರಾದರೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟಿದ್ದರೂ ಎಸ್‌ಎಸ್‌ಎಚ್ ಆ ಕೀಯನ್ನು ಒಪ್ಪುವುದಿಲ್ಲ. ಕಾರಣ ಬೇಕೆಂದರೆ ಸರ್ವರಿನ ಆಥ್ ಲಾಗ್ ನೋಡಿ, ಲ್ಯಾಪ್‌ಟಾಪ್ ಕಡೆ ಏನೂ ಹೇಳುವುದಿಲ್ಲ.

ಸೂಡೋ ಬೇಕಾದವರಿಗೆ ಒಂದು ಪಾಸ್‌ವರ್ಡನ್ನೂ ಇಟ್ಟುಕೊಡಿ. ಹೊರಗಿನಿಂದ ಪಾಸ್‌ವರ್ಡ್ ಲಾಗಿನ್ ಬಂದ್ ಇರಲಿ, ಒಳಗೆ ಸೂಡೋಗೆ ಮಾತ್ರ ಅದು.

ಲಾಕ್ ಆಗುವ ಭಯಕ್ಕೆ ಮದ್ದು ಇಷ್ಟೇ: ಈಗ ತೆರೆದಿರುವ ವಿಂಡೋ ಮುಚ್ಚಬೇಡಿ. ಇನ್ನೊಂದು ವಿಂಡೋದಿಂದ ಹೊಸ ಯೂಸರ್, ಹೊಸ ಕೀ ಹಿಡಿದು ಒಳಗೆ ಬನ್ನಿ, ಸೂಡೋ ಓಡುತ್ತದಾ ನೋಡಿ. ಆಮೇಲೆ ಉಬುಂಟು ಯೂಸರಿನ ಫೈಲಿನಿಂದ ಹಳೆಯ ಸಾಲು ತೆಗೆಯಿರಿ. ಒಂದು ಸರ್ವರ್ ಪೂರ್ತಿ ಮುಗಿಸಿ, ಒಂದು ದಿನ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿ.

ಕರಾವಳಿ_ಕರ್ನಲ್:

ಮೇಲಿನವರು ಹೇಳಿದ್ದೆಲ್ಲ ಸರಿ, ನಾಲ್ಕು ಮಾತು ಸೇರಿಸುತ್ತೇನೆ ಮಾರಾಯ್ರೆ.

ಸಾಲು ತೆಗೆದರೆ ಹೊಸ ಲಾಗಿನ್ ನಿಲ್ಲುತ್ತದೆ, ಆಗಲೇ ಒಳಗಿರುವವರು ಒಳಗೇ ಇರುತ್ತಾರೆ. ಹೂ ಎನ್ನುವ ಕಮಾಂಡ್ ಕೊಟ್ಟು ಯಾರಿದ್ದಾರೆ ನೋಡಿ, ಹಳೆಯ ಸೆಷನ್‌ಗಳನ್ನು ಕಿಲ್ ಮಾಡಿ.

ಉಬುಂಟು ಯೂಸರ್ ಒಬ್ಬನದ್ದನ್ನೇ ನೋಡಿ ಸುಮ್ಮನಾಗಬೇಡಿ. ರೂಟ್ ಫೋಲ್ಡರಿನಲ್ಲೂ ಆಥರೈಸ್ಡ್ ಕೀಸ್ ಇರಬಹುದು, ಡಿಪ್ಲಾಯ್ ಅಂತ ಒಂದು ಯೂಸರ್ ಮಾಡಿದ್ದರೆ ಅಲ್ಲೂ ಇರಬಹುದು. ಕೊನೆಗೆ 2 ಅಂಕಿ ಇರುವ ಆಥರೈಸ್ಡ್ ಕೀಸ್2 ಎನ್ನುವ ಫೈಲನ್ನೂ ಎಸ್‌ಎಸ್‌ಎಚ್ ಡೀಫಾಲ್ಟ್ ಆಗಿ ಓದುತ್ತದೆ. ಹಳೇ ಕಾಲದ ಪಳೆಯುಳಿಕೆ ಅದು, ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾಸ್‌ವರ್ಡ್ ಲಾಗಿನ್ ಬಂದ್ ಮಾಡುವಾಗ ಒಂದು ಮೋಸ ಇದೆ. ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆಯ ಎಸ್‌ಎಸ್‌ಎಚ್) ಕಾನ್ಫಿಗ್ ಫೈಲಿನಲ್ಲಿ ಪಾಸ್‌ವರ್ಡ್ ಆಥೆಂಟಿಕೇಶನ್ ನೋ ಅಂತ ಬರೆದು ಖುಷಿಯಾಗಿ ಹೋಗಿ ಮಲಗುತ್ತೀರಿ. ಆದರೆ ಈಚಿನ ಉಬುಂಟುವಿನಲ್ಲಿ ಪಕ್ಕದ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಫೋಲ್ಡರಿನಲ್ಲಿ 50-ಕ್ಲೌಡ್-ಇನಿಟ್ ಎಂಬ ಫೈಲ್ ಇರಬಹುದು, ಅದರಲ್ಲಿ ಯೆಸ್ ಅಂತ ಇರಬಹುದು. ಆ ಫೋಲ್ಡರನ್ನು ಮೊದಲು ಓದುತ್ತದೆ, ಮತ್ತು ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮಾತೇ ಕೊನೆಯ ಮಾತು, ಕೆಳಗೆ ನೀವು ಏನು ಬರೆದರೂ ಕೇಳುವುದಿಲ್ಲ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಕೊಟ್ಟು ಓಡಿಸಿದರೆ ನಿಜವಾಗಿ ಯಾವುದು ಜಾರಿಯಲ್ಲಿದೆ ಅಂತ ತೋರಿಸುತ್ತದೆ. ಚಿಕ್ಕಕ್ಷರದ ಟಿ ಕೊಟ್ಟರೆ ಕಾನ್ಫಿಗ್‌ನಲ್ಲಿ ತಪ್ಪಿದೆಯಾ ಅಂತ ಪರೀಕ್ಷೆ. ರೀಲೋಡ್ ಮಾಡುವ ಮುಂಚೆ ಎರಡನ್ನೂ ಮಾಡಿ.

ವಿಂಡೋಸ್‌ನಲ್ಲಿ ಪುಟ್ಟಿ (ಎಸ್‌ಎಸ್‌ಎಚ್ ಲಾಗಿನ್ ಸಾಫ್ಟ್‌ವೇರ್) ಬಳಸುವವರು ಯಾರಾದರೂ ಇದ್ದಾರಾ? 2024ರ ಏಪ್ರಿಲ್‌ನಲ್ಲಿ ಅದರಲ್ಲಿ ಒಂದು ದೊಡ್ಡ ತೂತು ಸಿಕ್ಕಿತ್ತು. 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ 521 ಬಿಟ್‌ನ ಇಸಿಡಿಎಸ್ಎ ಎಂಬ ವಿಧದ ಕೀ ಬಳಸಿದ್ದರೆ, ಲಾಗಿನ್ ಹೊತ್ತಿಗೆ ಆ ಕೀ ಹಾಕುವ ಸುಮಾರು 60 ಡಿಜಿಟಲ್ ಸಹಿಗಳನ್ನು ಕಲೆ ಹಾಕಿದವರು ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 0.81ರಲ್ಲಿ ಸರಿಪಡಿಸಿದರು, ಆದರೆ ಅಂಥ ಹಳೆಯ ಕೀ ಉಳಿಸಿಕೊಂಡರೆ ಅಪ್‌ಡೇಟ್ ಮಾಡಿಯೂ ಪ್ರಯೋಜನ ಇಲ್ಲ, ಕೀಯನ್ನೇ ಎಸೆಯಬೇಕು. ಇಡಿ25519 ಕೀಗಳಿಗೆ ಈ ತೊಂದರೆ ಇರಲಿಲ್ಲ.

ರೂಟ್_ಕಾಫಿ:

ನನಗೆ ಈ ಒಬ್ಬೊಬ್ಬರ ಕೀಯನ್ನು ಒಂದೊಂದು ಸರ್ವರಿಗೆ ಅಂಟಿಸುವ ಕೆಲಸವೇ ಹಿಡಿಸುವುದಿಲ್ಲ. ಎಸ್‌ಎಸ್‌ಎಚ್ ಸರ್ಟಿಫಿಕೇಟ್ ಬಳಸಿ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದ ಇದೆ, ಬೇರೆ ಸಾಫ್ಟ್‌ವೇರ್ ಬೇಡ. ಒಂದು ಸಿಎ ಕೀ (ಬೇರೆ ಕೀಗಳಿಗೆ ಸಹಿ ಹಾಕುವ ಮುಖ್ಯ ಕೀ) ಮಾಡಿ, ಸರ್ವರ್‌ಗಳಿಗೆ ಅದರ ಪಬ್ಲಿಕ್ ಭಾಗವನ್ನು ನಂಬು ಅಂತ ಹೇಳಿಡಿ. ಆಮೇಲೆ ಪ್ರತಿಯೊಬ್ಬರ ಪಬ್ಲಿಕ್ ಕೀಗೆ ಅದರಿಂದ ಎಂಟು ಗಂಟೆಗೋ ಒಂದು ದಿನಕ್ಕೋ ಸಹಿ ಹಾಕಿಕೊಡಿ. ಕೆಲಸ ಬಿಟ್ಟವರ ಸರ್ಟಿಫಿಕೇಟ್ ತಾನಾಗೇ ಸಾಯುತ್ತದೆ, ಯಾವ ಸರ್ವರನ್ನೂ ಮುಟ್ಟಬೇಕಿಲ್ಲ.

ಕಪ್ಪು_ಪರದೆ:

@ರೂಟ್_ಕಾಫಿ ನಲವತ್ತು ಸರ್ವರ್ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿರುವುದು ನಾಲ್ಕು. ದಿನಾ ಬೆಳಿಗ್ಗೆ ಸಹಿ ಹಾಕಿಕೊಡುವವರು ಯಾರು? ಇವರೇ. ಇವರು ರಜೆ ಹಾಕಿದ ದಿನ ಆ ಸಿಎ ಕೀ ಮತ್ತೆ ವಾಟ್ಸಾಪ್‌ಗೆ ಬರುತ್ತದೆ, ಈ ಸಲ ಇನ್ನೂ ದೊಡ್ಡ ಅನಾಹುತ. ಮೊದಲು ಒಬ್ಬರಿಗೊಂದು ಕೀ ಅಭ್ಯಾಸವಾಗಲಿ.

ಗಿರ್ಮಿಟ್_ಪ್ರಿಯ:

ಎಲ್ಲರಿಗೂ ಧನ್ಯವಾದ. ಟೆಸ್ಟಿಂಗ್ ಸರ್ವರಿನಲ್ಲಿ ಮಾಡಿ ನೋಡಿದೆ, ಬೇರೆ ಬೇರೆ ಯೂಸರ್ ಆಗಿದ್ದಾರೆ, ಹಳೆಯ ಪೆಮ್ ಅಲ್ಲಿ ಈಗ ನಡೆಯುವುದಿಲ್ಲ. ಕ್ಲೌಡ್-ಇನಿಟ್ ಫೈಲಿನಲ್ಲಿ ನಿಜವಾಗಿಯೂ ಯೆಸ್ ಇತ್ತು!

ಎರಡು ಸಮಸ್ಯೆ ಉಳಿದಿವೆ. ಒಬ್ಬರ ಲ್ಯಾಪ್‌ಟಾಪಿನಿಂದ ಟೂ ಮೆನಿ ಆಥೆಂಟಿಕೇಶನ್ ಫೇಲ್ಯೂರ್ಸ್ ಅಂತ ಬಂದು ಕಡಿದುಹೋಗುತ್ತದೆ, ಕೀ ಸರಿಯಾಗಿಯೇ ಇದೆ. ಇನ್ನೊಂದು, ಡೇಟಾಬೇಸ್ ಸರ್ವರಿನ ಲಾಗ್‌ನಲ್ಲಿ ದಿನಾ ರಾತ್ರಿ ಎರಡಕ್ಕೆ ಯಾವುದೋ ಕೀಯಿಂದ ಲಾಗಿನ್ ಆಗುತ್ತಿದೆ. ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಚಿಕ್ಕ ಸಂಕೇತ) ನಮ್ಮ ಯಾರದ್ದೂ ಅಲ್ಲ. ಐಪಿ ಮಾತ್ರ ನಮ್ಮದೇ ಇನ್ನೊಂದು ಸರ್ವರಿನದು. ಹೆದರಬೇಕಾ?

ಕರಾವಳಿ_ಕರ್ನಲ್:

ಮೊದಲನೆಯದು ಸುಲಭ. ಅವರ ಏಜೆಂಟ್‌ನಲ್ಲಿ ಕೀಗಳು ಜಾಸ್ತಿ ತುಂಬಿವೆ. ಅದು ಒಂದೊಂದೇ ಕೊಟ್ಟು ನೋಡುತ್ತದೆ, ಸರ್ವರ್ ಆರು ಪ್ರಯತ್ನಕ್ಕೆ ಸಾಕು ಅನ್ನುತ್ತದೆ, ಸರಿಯಾದ ಕೀಯ ಸರದಿಯೇ ಬರುವುದಿಲ್ಲ. ಅವರ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಆ ಸರ್ವರಿಗೆ ಐಡೆಂಟಿಟಿ ಫೈಲ್ ಯಾವುದು ಅಂತ ಬರೆದು, ಐಡೆಂಟಿಟೀಸ್ ಓನ್ಲಿ ಯೆಸ್ ಹಾಕಿ.

ರಾತ್ರಿ ಎರಡರದ್ದು ಬಹುಶಃ ಬ್ಯಾಕಪ್ ಇರಬೇಕು. ಲಾಗಿನ್ ಆಗುತ್ತಿರುವ ಆ ಇನ್ನೊಂದು ಸರ್ವರಿನಲ್ಲಿ ರೂಟ್‌ನ ಕ್ರಾನ್‌ಟ್ಯಾಬ್ (ನಿಗದಿತ ಹೊತ್ತಿಗೆ ತಾನಾಗೇ ಓಡುವ ಕೆಲಸಗಳ ಪಟ್ಟಿ) ಮತ್ತು ಬೇರೆ ಯೂಸರ್‌ಗಳ ಕ್ರಾನ್‌ಟ್ಯಾಬ್ ನೋಡಿ. ಅಲ್ಲಿ ಸಿಕ್ಕ ಪಬ್ಲಿಕ್ ಕೀಗೆ ಎಸ್‌ಎಸ್‌ಎಚ್-ಕೀಜೆನ್‌ನಲ್ಲಿ ಎಲ್ ಮತ್ತು ಎಫ್ ಕೊಟ್ಟು ಫಿಂಗರ್‌ಪ್ರಿಂಟ್ ತೆಗೆದು ಲಾಗ್‌ನದ್ದಕ್ಕೆ ತಾಳೆ ನೋಡಿ. ಆಥರೈಸ್ಡ್ ಕೀಸ್ ಫೈಲಿಗೂ ಹೀಗೇ ಕೊಟ್ಟರೆ ಒಳಗಿರುವ ಎಲ್ಲ ಕೀಗಳ ಪಟ್ಟಿ ಬರುತ್ತದೆ. ತಾಳೆ ಆಗದಿದ್ದರೆ ಆಗ ಹೆದರಿ, ಆ ಸಾಲನ್ನು ಕೂಡಲೇ ತೆಗೆಯಿರಿ.

ತಾಳೆ ಆದರೂ ಹಾಗೇ ಬಿಡಬೇಡಿ. ಸ್ಕ್ರಿಪ್ಟ್ ಬಳಸುವ ಕೀಗೆ ಪಾಸ್‌ಫ್ರೇಸ್ ಇರುವುದಿಲ್ಲ, ರಾತ್ರಿ ಎರಡಕ್ಕೆ ಎದ್ದು ಟೈಪ್ ಮಾಡುವವರು ಯಾರು. ಅದಕ್ಕೇ ಅದರ ಕೈ ಕಟ್ಟಬೇಕು. ಡೇಟಾಬೇಸ್ ಸರ್ವರಿನ ಫೈಲಿನಲ್ಲಿ ಆ ಕೀ ಸಾಲಿನ ಶುರುವಿಗೇ ರಿಸ್ಟ್ರಿಕ್ಟ್ ಅಂತ ಬರೆದು, ಫ್ರಮ್ ಎಂದು ಆ ಒಂದೇ ಐಪಿ ಕೊಟ್ಟು, ಕಮಾಂಡ್ ಎಂದು ಬ್ಯಾಕಪ್ ಸ್ಕ್ರಿಪ್ಟಿನ ಪೂರ್ತಿ ಪಾತ್ ಹಾಕಿ. ಆಗ ಆ ಕೀ ಯಾರ ಕೈಗೆ ಸಿಕ್ಕರೂ ಬ್ಯಾಕಪ್ ಒಂದು ಬಿಟ್ಟು ಬೇರೇನೂ ಓಡುವುದಿಲ್ಲ. ಹಾಕಿದ ಮೇಲೆ ಹಗಲಲ್ಲೇ ಒಮ್ಮೆ ಕೈಯಾರೆ ಓಡಿಸಿ ನೋಡಿ. ಆರ್‌ಸಿಂಕ್ (ಫೈಲ್ ನಕಲು ಮಾಡುವ ಸಾಧನ) ಬಳಸಿದ್ದರೆ ಕಮಾಂಡ್ ಸಾಲು ಸ್ವಲ್ಪ ಬೇರೆ ಥರ ಬರೆಯಬೇಕು, ಯಾವುದು ಅಂತ ತಿಳಿಸಿ.